ಗಂಡನ ಬಲಗೈ ಮುರಿದಿದೆ, 1.5 ಲಕ್ಷಕ್ಕೆ ರಾಜಿ ಆಗಬೇಕಾ, ಕೋರ್ಟಿಗೆ ಹೋಗಬೇಕಾ?

ಹಳೇ ಹುಬ್ಬಳ್ಳಿ ಟೇಲರ್ ಮನೆ:

ನಮ್ಮ ಯಜಮಾನರು ಟೇಲರ್, ವಯಸ್ಸು 42. ನಾಲ್ಕು ತಿಂಗಳ ಹಿಂದೆ ಗದಗಿನಿಂದ ಬೈಕ್ ಮೇಲೆ ಬರುವಾಗ ಹುಲಕೋಟಿ ಹತ್ತಿರ ಗೂಡ್ಸ್ ಗಾಡಿ ಹಿಂದಿನಿಂದ ಗುದ್ದಿತು. ಬಲಗೈ ಮಣಿಕಟ್ಟು ಮುರಿದು ಪ್ಲೇಟ್ ಹಾಕಿದ್ದಾರೆ. ಎಫ್‌ಐಆರ್ ಆಗಿದೆ. ಈಗ ಮಷಿನ್ ತುಳಿಯುತ್ತಾರೆ, ಆದರೆ ಕತ್ತರಿ ಹಿಡಿಯಲು ಆಗುತ್ತಿಲ್ಲ. ಕಟಿಂಗ್ ಎಲ್ಲ ಹೊರಗೆ ಕೊಟ್ಟು ಮಾಡಿಸುತ್ತಿದ್ದೇವೆ. ಗಾಡಿ ಕಡೆಯವರು 1.5 ಲಕ್ಷ ಕೊಡ್ತೇವೆ, ಒಂದು ಕಾಗದಕ್ಕೆ ಸಹಿ ಹಾಕಿ ಅಂತಿದ್ದಾರೆ. ಕೋರ್ಟಿಗೆ ಹೋದರೆ ಗದಗಕ್ಕೆ ಓಡಾಡಬೇಕಾ? ಅಲ್ಲಿ ಏನು ಕೇಳ್ತಾರೆ? ನಮಗೆ ಏನೂ ಗೊತ್ತಿಲ್ಲ.

ತಾರಿಹಾಳ ಲೇತ್:

ಅಕ್ಕಾ, ಈಗಲೇ ಸಹಿ ಹಾಕಬೇಡಿ. ನಾನು ಇದೇ ದಾರಿಯಲ್ಲಿ ನಡೆದು ಬಂದವನು.

ಗದಗಕ್ಕೆ ಹೋಗಬೇಕಾಗಿಲ್ಲ. ಅಪಘಾತ ಎಲ್ಲೇ ಆಗಲಿ, ನೀವು ವಾಸ ಇರುವ ಊರಿನ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ನನ್ನ ಕೇಸ್ ಹುಬ್ಬಳ್ಳಿಯಲ್ಲೇ ನಡೆಯಿತು.

ನಾನು ಲೇತ್ ಆಪರೇಟರ್ ಆಗಿದ್ದೆ. ಆಗ 38 ವರ್ಷ. ಮೊಣಕೈ ಹೋಯಿತು. ಡಾಕ್ಟರು ಸಾಕ್ಷಿ ಹೇಳುವಾಗ ಕೈಗೆ ಶೇ. 30 ಊನ ಅಂದರು. ಆಮೇಲೆ ವಿಮೆ ಕಂಪನಿ ವಕೀಲರು ನನ್ನನ್ನು ಕೇಳಿದರು: "ಈಗಲೂ ಅದೇ ಫ್ಯಾಕ್ಟರಿಗೆ ಹೋಗ್ತೀರಿ, ಅಲ್ವಾ?" ನಾನು "ಹೌದ್ರಿ" ಅಂದೆ. ಅಷ್ಟೇ. ಲೇತ್‌ನಲ್ಲಿ ತುಂಡು ಹಿಡಿಯುವ ಚಕ್ ಬಿಗಿ ಮಾಡಲು ಆಗದೆ ನನ್ನನ್ನು ಪ್ಯಾಕಿಂಗಿಗೆ ಹಾಕಿದ್ದರು, ಪಗಾರ ಇಳಿಸಿದ್ದರು. ಅದನ್ನು ನಾನು ಹೇಳಲೇ ಇಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಅಂದುಕೊಂಡಿದ್ದೆ. ಆ ಒಂದು "ಹೌದ್ರಿ" ಇವತ್ತಿಗೂ ನನಗೆ ಚುಚ್ಚುತ್ತದೆ.

ನ್ಯಾಯಮಂಡಳಿ ಇಡೀ ದೇಹಕ್ಕೆ ಶೇ. 10 ಅಂತ ಹಿಡಿಯಿತು. ಪಗಾರದ ಚೀಟಿ ಇರಲಿಲ್ಲ, ತಿಂಗಳಿಗೆ 10,000 ಅಂತ ಅವರೇ ಅಂದಾಜು ಮಾಡಿದರು. ವಯಸ್ಸು ನೋಡಿ ಎಷ್ಟು ವರ್ಷದ ದುಡಿಮೆ ಲೆಕ್ಕಕ್ಕೆ ಹಿಡಿಯಬೇಕು ಅನ್ನುವ ಸಂಖ್ಯೆಗೆ ಗುಣಕ ಅಂತಾರೆ, ನನಗೆ ಅದು 15. ಅಂದರೆ 10,000 ಗುಣಿಸು 12, ಗುಣಿಸು 15, ಅದರಲ್ಲಿ ಶೇ. 10. ದುಡಿಮೆ ನಷ್ಟಕ್ಕೆ ಬಂದದ್ದು 1,80,000. ಆಸ್ಪತ್ರೆ ಖರ್ಚು, ನೋವಿನ ಪರಿಹಾರ ಬೇರೆ. ಧಾರವಾಡ ಹೈಕೋರ್ಟ್ ಪೀಠಕ್ಕೆ ಅಪೀಲು ಹೋದೆವು. ಅಲ್ಲಿ ಕೆಲಸ ನೋಡಿ ಶೇ. 25 ಮಾಡಿದರು. ಅದೇ ಲೆಕ್ಕ 4,50,000 ಆಯಿತು. ಕೈ ಅದೇ, ಗಾಯ ಅದೇ!

ನಿಮ್ಮ ಯಜಮಾನರಿಗೆ 42 ಅಂದರೆ ಗುಣಕ 14. ಅವರು ಕತ್ತರಿ ಹಿಡಿಯಲಾರರು ಅನ್ನುವುದು ಡಾಕ್ಟರ ಬಾಯಲ್ಲೂ ಬರಬೇಕು, ಅವರ ಬಾಯಲ್ಲೂ ಬರಬೇಕು. ಕಟಿಂಗಿಗೆ ಹೊರಗೆ ಕೊಡುತ್ತಿರುವ ದುಡ್ಡನ್ನು ಇವತ್ತಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಟಿಂಗ್ ಮಾಡುವವರು ಬಂದು ಸಾಕ್ಷಿ ಹೇಳಿದರೆ ಇನ್ನೂ ಒಳ್ಳೆಯದು.

ವಕೀಲರ ಆಫೀಸ್ ಗುಮಾಸ್ತೆ, ಧಾರವಾಡ:

ಮೇಲಿನವರು ಹೇಳಿದ್ದು ಸರಿ. ಸುಪ್ರೀಂ ಕೋರ್ಟ್ ರಾಜ್ ಕುಮಾರ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಎಡಗೈ ಹೋದ ಬಡಗಿಗೂ ಎಡಗೈ ಹೋದ ಗುಮಾಸ್ತನಿಗೂ ದುಡಿಮೆ ನಷ್ಟ ಒಂದೇ ಅಲ್ಲ.

ಆ 1.5 ಲಕ್ಷದ ಬಗ್ಗೆ ಒಂದು ಮಾತು. ಮೂಳೆ ಮುರಿತ ಕಾನೂನಿನಲ್ಲಿ ತೀವ್ರ ಗಾಯ. ಮೋಟಾರು ವಾಹನ ಕಾಯ್ದೆ 164ನೇ ಕಲಮಿನಲ್ಲಿ ತಪ್ಪು ಯಾರದು ಅಂತ ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ಇದೆ. ಅದಕ್ಕಿಂತ ಕಡಿಮೆಗೆ ಸಹಿ ಕೇಳುತ್ತಿದ್ದಾರೆ! ಆದರೆ 164ರ ದುಡ್ಡು ತಗೊಂಡರೆ ಗಾಡಿಯವರ ತಪ್ಪು ತೋರಿಸಿ ಪೂರ್ತಿ ಪರಿಹಾರ ಕೇಳುವ 166ನೇ ಕಲಮಿನ ದೊಡ್ಡ ಅರ್ಜಿ ನಿಂತುಹೋಗುತ್ತದೆ. ಹಿಂದಿನಿಂದ ಗುದ್ದಿದ ಕೇಸ್ ಆದ್ದರಿಂದ 166ರಲ್ಲೇ ಹೋಗಿ ಅಂತ ನನ್ನ ಸಲಹೆ.

ತಡ ಮಾಡಬೇಡಿ. 2022ರ ಏಪ್ರಿಲ್ 1ರಿಂದ ಅಪಘಾತದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವ ನಿಯಮ ಬಂದಿದೆ. ನಿಮಗೆ ಎರಡೇ ತಿಂಗಳು ಉಳಿದಿದೆ. ಮುಂದೆ ಲೋಕ ಅದಾಲತ್‌ಗೆ ಕರೆದರೆ ಹೋಗಿ, ಆದರೆ ಮೊತ್ತ ಒಪ್ಪುವ ಮೊದಲು ಲೆಕ್ಕ ಹಾಕಿ. ಅಲ್ಲಿ ಒಪ್ಪಿದ ಮೇಲೆ ಅಪೀಲು ಇಲ್ಲ.

ನವಲಗುಂದ ಓದುಗ:

ನಡುವೆ ಕೇಳ್ತಿದ್ದೇನೆ, ಕ್ಷಮಿಸಿ. ನಮ್ಮ ತಾಯಿ ಪಕ್ಕದ ಮನೆಯವರ ಸಡಿಲ ಗೋಡೆ ಬಿದ್ದು ಕಾಲು ಮುರಿದುಕೊಂಡರು. ಅದೂ ಇದೇ ನ್ಯಾಯಮಂಡಳಿಗಾ?

ವಕೀಲರ ಆಫೀಸ್ ಗುಮಾಸ್ತೆ, ಧಾರವಾಡ:

ಅಲ್ಲ. ವಾಹನ ಇಲ್ಲದಿದ್ದರೆ ಸಿವಿಲ್ ಕೋರ್ಟಿನಲ್ಲಿ ದಾವೆ. ಗೋಡೆ ಸಡಿಲ ಇದ್ದದ್ದು ಗೊತ್ತಿದ್ದೂ ಅವರು ಸುಮ್ನೆ ಇದ್ದರು ಅಂತ ನೀವು ತೋರಿಸಬೇಕು. ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಕಟ್ಟಬೇಕು, ಅದು ಜಾಸ್ತಿ. ಕಟ್ಟಲು ನಿಜಕ್ಕೂ ಆಗದಿದ್ದರೆ ವಿನಾಯಿತಿ ಕೇಳಬಹುದು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ತಾಯಿಯನ್ನೇ ಕರೆದುಕೊಂಡು ಹೋಗಿ.

ಹಳೇ ಹುಬ್ಬಳ್ಳಿ ಟೇಲರ್ ಮನೆ:

ಎಲ್ಲರಿಗೂ ನಮಸ್ಕಾರ. ಓದಿ ಹೇಳಿದೆ, ಯಜಮಾನರು ಸಹಿ ಹಾಕಲ್ಲ ಅಂದರು. ಎಕ್ಸ್-ರೇ ಫಿಲ್ಮ್, ಔಷಧಿ ಅಂಗಡಿ ಬಿಲ್ಲು ಎಲ್ಲ ಒಂದು ಬಟ್ಟೆ ಚೀಲದಲ್ಲಿ ಇಟ್ಟಿದ್ದೇನೆ. ಕೆಲವು ಬಿಲ್ಲಿನ ಅಕ್ಷರ ಮಾಸುತ್ತಿದೆ.

ತಾರಿಹಾಳ ಲೇತ್:

ಇವತ್ತೇ ಜೆರಾಕ್ಸ್ ಮಾಡಿಸಿ, ಅಕ್ಕಾ. ಮೂಲ ಬಿಲ್ಲನ್ನು ಯಾರ ಕೈಗೂ ಕೊಡಬೇಡಿ, ಅದನ್ನು ಕೋರ್ಟಿಗೆ ಹಾಜರು ಮಾಡಬೇಕು.