ಪದಚರ್ಚೆ: ‘ಪ್ಲೂಮ್’ಗೆ ‘ಬಸಿಹರವು’ ಆಗುತ್ತಲ್ವಾ?

ಗೆಳೆಯರೇ, ಬೋರ್ಡು ಬರೆಯುವವರು ಗುರುವಾರ ಬರುತ್ತಾರೆ. ‘ಪ್ಲೂಮ್’ಗೆ ಕನ್ನಡ ಪದ ಇನ್ನೂ ಗಟ್ಟಿಯಾಗಿಲ್ಲ. ಕೆಲವರು ‘ಸವಳು’ ಅಂದಿರಿ, ಕೆಲವರು ‘ಪ್ಲೂಮ್’ ಅಂತಲೇ ಬಿಡಿ ಅಂದಿರಿ; ಎಲ್ಲರಿಗೂ ಇಲ್ಲೇ ಉತ್ತರ.

ಕೊಪ್ಪಳ ಹತ್ತಿರದ ನಮ್ಮೂರಲ್ಲಿ ಕಾರ್ಖಾನೆ ಕಸದ ಗುಡ್ಡೆಯಿಂದ ಇಳಿದ ಕೊಳೆ ನೆಲದಡಿ ಎಲ್ಲಿವರೆಗೆ ಹಬ್ಬಿದೆ ಅಂತ ಸರ್ವೆ ಆಯಿತು. ಅದರ ನಕ್ಷೆ ಊರ ಮುಂದೆ ನಿಲ್ಲಬೇಕು. ಆ ಹಬ್ಬುಗೆಗೆ ಇಂಗ್ಲಿಷಿನಲ್ಲಿ ಪ್ಲೂಮ್ ಅನ್ನುತ್ತಾರೆ; ಆ ಪದಕ್ಕೆ ಗರಿ ಅಂತಲೂ ಅರ್ಥವಿದೆ.

‘ಮಾಲಿನ್ಯಪುಚ್ಛ’ ಬೇಡ. ‘ಕಲುಷಗರಿ’ ಬೇಡವೇ ಬೇಡ. ನೆಲದಡಿ ಬಾಲವೂ ಇಲ್ಲ, ಗರಿಯೂ ಇಲ್ಲ.

ನನ್ನ ಪದ ‘ಬಸಿಹರವು’. ಅನ್ನದ ಗಂಜಿ ಬಸಿಯುತ್ತೇವೆ. ತುಂಗಭದ್ರಾ ಕಾಲುವೆ ಕಡೆ, ಹೊಲದ ಹೆಚ್ಚಿನ ನೀರು ಬಸಿದು ಹೋಗುವ ಬಸಿಗಾಲುವೆ ಎಲ್ಲರಿಗೂ ಗೊತ್ತು. ಜೋಳವನ್ನು ಬಿಸಿಲಿಗೆ ಹರವುತ್ತೇವೆ. ಕಸದಿಂದ ಬಸಿದು ಹರವಿಕೊಂಡದ್ದು ಬಸಿಹರವು. ಸುಮ್ನೆ ಸಂಸ್ಕೃತದ ಮನೆ ಬಾಗಿಲು ತಟ್ಟಬೇಕಿಲ್ಲ.

‘ಸವಳು’ ಅಂದವರಿಗೆ: ಪದ ಚೆನ್ನಾಗಿದೆ, ಜಾಗ ತಪ್ಪು. ಗಂಗಾವತಿ, ಸಿಂಧನೂರು ಕಡೆ ಸವಳು-ಜವಳು ಅಂದರೆ ಕಾಲುವೆ ನೀರು ಜಾಸ್ತಿಯಾಗಿ, ಉಪ್ಪೇರಿ ಕೆಟ್ಟ ಹೊಲ. ಕಾರ್ಖಾನೆ ಕೊಳೆಗೂ ಅದೇ ಹೆಸರಿಟ್ಟರೆ ತಪ್ಪೆಲ್ಲ ಕಾಲುವೆ ತಲೆಗೆ ಕಟ್ಟಿದಂತಾಗುತ್ತದೆ.

‘ಪ್ಲೂಮ್ ಅಂತಲೇ ಬಿಡಿ’ ಅಂದವರಿಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು. ಸರ್ವೆ ದಿನ ನಾನು ಅಲ್ಲೇ ಇದ್ದೆ. ಒಂದೇ ಸಾಲಿನಲ್ಲಿ ನಾಲ್ಕು ಉಕ್ಕಿನ ಗೂಟ ಹೊಡೆದರು. ನೆಲ ಒಣಗಿತ್ತು, ಕರೆಂಟು ನೆಲಕ್ಕೆ ಇಳಿಯಲಿ ಅಂತ ಬುಡಕ್ಕೆ ಉಪ್ಪುನೀರು ಸುರಿದರು. ಹೊರಗಿನ ಎರಡು ಗೂಟಕ್ಕೆ ಕರೆಂಟು ಕೊಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆದರು. ಗೂಟಗಳನ್ನು ದೂರ ದೂರ ಹೊಡೆದಷ್ಟೂ ಆಳದ ಸುದ್ದಿ ಸಿಗುತ್ತದೆ. ಗಟ್ಟಿ ಬಂಡೆ ಕರೆಂಟನ್ನು ತಡೆಯುತ್ತದೆ. ಲವಣ ಬೆರೆತ ಬಸಿನೀರು ಸಲೀಸಾಗಿ ಬಿಟ್ಟುಕೊಡುತ್ತದೆ. ಒದ್ದೆ ಎರೆಮಣ್ಣೂ ಹಾಗೇ ಮಾಡುತ್ತದೆ. ಅದಕ್ಕೇ ಬೋರಿನ ನೀರು ಪರೀಕ್ಷೆ ಮಾಡಿಸಿದ ಮೇಲೆಯೇ ನಕ್ಷೆಯ ಗೆರೆ ಗಟ್ಟಿಯಾಗಿದ್ದು.

ಆ ನಕ್ಷೆಯಲ್ಲಿ ತಡೆ ಕಡಿಮೆ ಇರುವ, ಅಂದರೆ ಕೊಳೆ ಹಬ್ಬಿದ ಕಡೆ ನೀಲಿ ಬಣ್ಣ. ಪಕ್ಕದ ಹೊಲದ ಅಮ್ಮ ನೀಲಿ ಮೇಲೆ ಬೆರಳಿಟ್ಟು ಕೇಳಿದರು: “ಇಲ್ಲಿ ನೀರು ಛಲೋ ಐತೇನು? ಬೋರು ಇಲ್ಲೇ ಹಾಕ್ಸೂಣೇನು?” ನನಗೆ ಎದೆ ಧಸಕ್ಕೆಂದಿತು. ಅದರ ಮೇಲೆ ‘ಪ್ಲೂಮ್’ ಅಂತ ಬರೆದರೆ ಅವರಿಗೆ ಏನು ತಿಳಿಯುತ್ತದೆ? ಬೋರು, ಮೋಟರು ನಮ್ಮ ಮಾತಾದವು, ನಿಜ. ಆ ವಸ್ತುಗಳು ಕಣ್ಣೆದುರಿಗಿದ್ದವು. ಇದು ಕಣ್ಣಿಗೆ ಬೀಳುವುದೇ ಇಲ್ಲ. ಪದವೇ ತೋರಿಸಬೇಕು.

ಬಣ್ಣವನ್ನು ಕೆಂಪು ಮಾಡಿಸುತ್ತಿದ್ದೇನೆ. ಕರೆಂಟು ತಡೆಯುವ ಆ ಗುಣಕ್ಕೆ, ಅಂದರೆ ರೆಸಿಸ್ಟಿವಿಟಿಗೆ, ಪಠ್ಯದಲ್ಲಿ ‘ರೋಧಶೀಲತೆ’ ಇದೆ, ಆ ಜಗಳ ಈಗ ಬೇಡ.

ನನಗಿರುವುದು ಒಂದೇ ಅನುಮಾನ. ಮೈಸೂರು, ಮಂಗಳೂರು ಕಡೆಯವರಿಗೆ ‘ಹರವು’ ಅಂದರೆ ಬರೀ ಅಗಲ ಅನ್ನಿಸುತ್ತದೆಯೇ? ಬುಧವಾರ ರಾತ್ರಿಯೊಳಗೆ ತಿಳಿಸಿ.