ವಿವಿಯಲ್ಲಿ ಒಳ್ಳೆಯ ಆಡಳಿತಗಾರರನ್ನು ಗುರುತಿಸೋದು ಹೇಗೆ? ನನ್ನ 32 ವರ್ಷದ ಅನುಭವ

ಪ್ರಶ್ನೆ ಕೇಳಿದ ಮೇಡಂ ಬರೆದದ್ದು ಇಷ್ಟು. ಅವರು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕಿ, ಸೇರಿ ಆರು ವರ್ಷ ಆಗಿದೆ. ಫಲಿತಾಂಶ ತಿಂಗಳುಗಟ್ಟಲೆ ತಡ, ನಿವೃತ್ತರಿಗೆ ಪಿಂಚಣಿ ಸರಿಯಾಗಿ ಬರುತ್ತಿಲ್ಲ, ಅತಿಥಿ ಉಪನ್ಯಾಸಕರು ಸಂಬಳಕ್ಕಾಗಿ ಗೇಟಿನ ಹತ್ತಿರ ಕೂತಿದ್ದಾರೆ. ಈಗ ಹೊಸ ಕುಲಪತಿ, ಹೊಸ ಕುಲಸಚಿವರು ಬಂದಿದ್ದಾರೆ. ಮೇಡಂ ಅವರನ್ನು ಆಡಳಿತದಲ್ಲಿ ನೆರವಾಗೋಕೆ ವಿಶೇಷಾಧಿಕಾರಿಯಾಗಿ ಬನ್ನಿ ಅಂತ ಆ ಹೊಸಬರು ಕರೆದಿದ್ದಾರೆ. "ಇವರು ಒಳ್ಳೆಯವರಾ ಅಲ್ವಾ ಅಂತ ಹೇಗೆ ತಿಳಿಯೋದು? ಒಪ್ಪಿಕೊಳ್ಳಲಾ ಬೇಡವಾ? ಅನುಭವ ಇರುವವರು ಹೇಳಿ."

ಮೇಡಂ, ನಾನು 1991ರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ 2023ರಲ್ಲಿ ಸಹಾಯಕ ಕುಲಸಚಿವೆಯಾಗಿ ನಿವೃತ್ತಿಯಾದವಳು. ಒಂದೇ ವಿವಿ, ಐದು ಸೆಕ್ಷನ್. ನಿಮ್ಮ ಪ್ರಶ್ನೆಯನ್ನು ನಮ್ಮ ನಿವೃತ್ತರ ಗುಂಪಿನಲ್ಲೂ ಹಾಕಿ ಕೇಳಿದೆ. ಅವರು ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲು ನೋಡಬೇಕಾದ್ದು ಕಡತದ ಮೇಲಿನ ಬರಹ. ಭಾಷಣ, ಪತ್ರಿಕಾಗೋಷ್ಠಿ ಎಲ್ಲ ಆಮೇಲೆ. ನಾವು ಕಡತದಲ್ಲಿ ವಿಷಯ ಬರೆದು, ನಿಯಮ ಬರೆದು, ಹಳೆಯ ಆದೇಶ ಲಗತ್ತಿಸಿ ಮೇಲೆ ಕಳಿಸುತ್ತೇವೆ. ಅದು ವಾಪಸ್ ಬಂದಾಗ ಪಕ್ಕದಲ್ಲಿ ಒಂದೇ ಪದ ಇರುತ್ತದೆ: "ಚರ್ಚಿಸಿ". ಚರ್ಚಿಸೋಕೆ ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಮಾರನೇ ದಿನ ಬೆಂಗಳೂರಿಗೆ. ಹದಿನೈದು ದಿನ ಬಿಟ್ಟು ಸಿಕ್ಕಿದರೆ ಬಾಯಲ್ಲಿ ಏನೋ ಹೇಳುತ್ತಾರೆ, ಬರೆದು ಕೊಡಿ ಸಾರ್ ಅಂದರೆ "ನೀವೇ ಟಿಪ್ಪಣಿ ಬದಲಾಯಿಸಿ ಮಂಡಿಸಿ" ಅನ್ನುತ್ತಾರೆ. ಅಂದರೆ ತೀರ್ಮಾನ ಅವರದು, ಬರಹ ಗುಮಾಸ್ತನದು. ನಾಳೆ ಆಡಿಟ್ ಬಂದರೆ ಸಿಕ್ಕಿಬೀಳುವುದೂ ಗುಮಾಸ್ತನೇ.

ಒಳ್ಳೆಯವರು "ಒಪ್ಪಿದೆ" ಅಂತ ಬರೆಯುತ್ತಾರೆ. ಇಲ್ಲವಾದರೆ "ಒಪ್ಪಿಲ್ಲ" ಅಂತ ಬರೆದು ಕೆಳಗೆ ಎರಡು ಸಾಲಿನಲ್ಲಿ ಕಾರಣ ಕೊಡುತ್ತಾರೆ. ಸಹಿ, ತಾರೀಕು. ಆ ಎರಡು ಸಾಲು ಇದ್ದರೆ ಸಾಕು, ಕೆಳಗಿನವರಿಗೆ ಕೆಲಸ ಮಾಡೋಕೆ ಧೈರ್ಯ ಬರುತ್ತದೆ. ಈಗ ಇ-ಆಫೀಸ್ ಬಂದಿದೆ, ಕಂಪ್ಯೂಟರಿನಲ್ಲೂ ಇದೇ ಕಥೆ. ನಿಮ್ಮ ವಿಭಾಗದಿಂದ ಹೋದ ಎರಡು ಮೂರು ಕಡತ ಏನಾಗಿ ಬಂದಿವೆ ಅಂತ ನಿಮ್ಮ ಸೂಪರಿಂಟೆಂಡೆಂಟರನ್ನು ಕೇಳಿ. ಹೊಸಬರು ಬಂದು ಒಂದು ತಿಂಗಳಾದರೆ ಸಾಕು, ಗೊತ್ತಾಗಿಬಿಡುತ್ತದೆ.

ಇಲ್ಲಿ ನಾನೇ ಒಬ್ಬರನ್ನು ತಪ್ಪಾಗಿ ತಿಳಿದುಕೊಂಡಿದ್ದೆ, ಅದನ್ನೂ ಹೇಳಬೇಕು. ನಮ್ಮಲ್ಲಿಗೆ ಒಬ್ಬ ಕುಲಸಚಿವರು ಬಂದರು. ಮಾತು ಕಮ್ಮಿ, ನಗು ಇಲ್ಲವೇ ಇಲ್ಲ. ನನ್ನ ಬಡ್ತಿ ಕಡತ ಹೋಗಿತ್ತು. "ಜ್ಯೇಷ್ಠತಾ ಪಟ್ಟಿ ಅಂತಿಮಗೊಳ್ಳದೆ ಯಾರಿಗೂ ಬಡ್ತಿ ಇಲ್ಲ" ಅಂತ ಒಂದು ಸಾಲು ಬರೆದು ವಾಪಸ್ ಕಳಿಸಿದರು. ನನಗೆ ಬಹಳ ಸಿಟ್ಟು ಬಂತು. ಹಿಂದಿನವರಾಗಿದ್ದರೆ ಯಾರಿಂದಲೋ ಫೋನ್ ಮಾಡಿಸಿದರೆ ಆಗುತ್ತಿತ್ತು. ಎಂಟು ತಿಂಗಳು ಕಾದೆ. ಅಷ್ಟರಲ್ಲಿ ಅವರು ವರ್ಷಗಳಿಂದ ಯಾರೂ ಮುಟ್ಟದ ಜ್ಯೇಷ್ಠತಾ ಪಟ್ಟಿಯ ಕರಡು ಹೊರಡಿಸಿ, ಆಕ್ಷೇಪಣೆ ಕರೆದು, ಒಂದೊಂದಕ್ಕೂ ಉತ್ತರ ಬರೆಸಿ ಅಂತಿಮ ಮಾಡಿದರು. ನನ್ನ ಜೊತೆ ಇನ್ನೂ ಮೂವತ್ತು ಚಿಲ್ಲರೆ ಜನರಿಗೆ ಒಂದೇ ದಿನ ಆದೇಶ ಬಂತು. ಅವರಲ್ಲಿ ಫೋನ್ ಮಾಡಿಸೋಕೆ ಯಾರೂ ಇಲ್ಲದವರೇ ಜಾಸ್ತಿ. ಒಬ್ಬರೂ ಕೋರ್ಟಿಗೆ ಹೋಗಲಿಲ್ಲ. ಇವತ್ತು ನನಗೆ ಸಿಗಬೇಕಾದ ಪಿಂಚಣಿಯ ಲೆಕ್ಕ ಸರಿಯಾಗಿರೋದು ಆ ಮನುಷ್ಯನಿಂದ.

ಎರಡನೇದು ದುಡ್ಡು. ವಿವಿ ಕಷ್ಟದಲ್ಲಿದೆ ಅಂದರೆ ಬಹುತೇಕ ದುಡ್ಡಿನ ಕಷ್ಟವೇ. ಯಾಕೆ ಅಂತ ನಿಮಗೂ ಗೊತ್ತಿರುತ್ತದೆ. ನಮ್ಮ ವಿವಿಗಳ ಸ್ವಂತ ಆದಾಯ ಅಂದರೆ ಮುಖ್ಯವಾಗಿ ಪರೀಕ್ಷಾ ಶುಲ್ಕ, ಕಾಲೇಜುಗಳ ಸಂಯೋಜನಾ ಶುಲ್ಕ. ವಿವಿ ಒಡೆದು ಹೊಸದು ಮಾಡಿದಾಗ ಕಾಲೇಜು ಅತ್ತ ಹೋಗುತ್ತವೆ, ಪಿಂಚಣಿದಾರರು ಇತ್ತಲೇ ಉಳಿಯುತ್ತಾರೆ. ಬೆಂಗಳೂರು ವಿವಿಯನ್ನು ಮೂರು ಮಾಡಿದರು. 2023ರಲ್ಲಿ ಬೀದರ್, ಹಾವೇರಿ, ಕೊಡಗು, ಹಾಸನ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ ಅಂತ ಜಿಲ್ಲೆಗೊಂದು ಬಂತು. 2025ರಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ಮುಚ್ಚುವ ಮಾತೂ ಬಂತು. ಹಾಗಾಗಿ ದುಡ್ಡು ಇಲ್ಲ ಅನ್ನೋದಕ್ಕೆ ಈಗ ಕೂತಿರುವ ಕುಲಪತಿಯನ್ನು ದೂರಬೇಡಿ. ಇರುವ ದುಡ್ಡು ಮೊದಲು ಯಾರಿಗೆ ಹೋಗುತ್ತದೆ ಅನ್ನೋದನ್ನು ನೋಡಿ.

ನಮ್ಮ ಗುಂಪಿನಲ್ಲಿ ಹಣಕಾಸು ವಿಭಾಗದಲ್ಲಿದ್ದ ಒಬ್ಬರು ಬರೆದದ್ದು ಇದು. ಅವರಲ್ಲಿದ್ದ ಹಣಕಾಸು ಅಧಿಕಾರಿ ಪ್ರತಿ ತಿಂಗಳು 25ಕ್ಕೆ ಒಂದು ಹಾಳೆ ಮಾಡಿಸುತ್ತಿದ್ದರಂತೆ. ಖಾತೆಯಲ್ಲಿ ಇಷ್ಟಿದೆ, ಕೊಡಬೇಕಾದ್ದು ಇಷ್ಟು, ಕೊಡುವ ಸಾಲು ಹೀಗೆ. ಮೊದಲು ಪಿಂಚಣಿ, ಆಮೇಲೆ ಹೊರಗುತ್ತಿಗೆಯಲ್ಲಿರುವ ಕಸ ಗುಡಿಸುವವರು, ಕಾವಲಿನವರು, ಆಮೇಲೆ ಅತಿಥಿ ಉಪನ್ಯಾಸಕರು, ಕಟ್ಟಡದ ಬಿಲ್ಲು ಕೊನೆಗೆ. ಆ ಹಾಳೆಯನ್ನು ಸೆಕ್ಷನ್ನಿನ ಬಾಗಿಲಿಗೇ ಅಂಟಿಸುತ್ತಿದ್ದರು. ಒಂದು ಸಲ ಒಬ್ಬ ಕಂಟ್ರಾಕ್ಟರು ಬಂದು ಟೇಬಲ್ ಗುದ್ದಿ ಕೂಗಾಡಿದ. ಅಧಿಕಾರಿ ಎದ್ದು ಅವನನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಹಾಳೆಯಲ್ಲಿ ಅವನ ಹೆಸರು ತೋರಿಸಿದರು. "ನಿಮ್ಮದು ಹನ್ನೊಂದನೇದು. ಹತ್ತನೇದು ಮುಗಿದ ದಿನ ನಾನೇ ಫೋನ್ ಮಾಡುತ್ತೇನೆ" ಅಂದರಂತೆ. ಮಾಡಿದರು ಕೂಡ. ಆ ವರ್ಷ ಪಿಂಚಣಿ ತಡವಾಗಿದೆ, ಆದರೆ ಬರದೆ ಹೋಗಿಲ್ಲ. ತಡ ಆಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಮನೆಯಲ್ಲಿ ಔಷಧಿಗೆ, ಬಾಡಿಗೆಗೆ ಏನಾದರೂ ದಾರಿ ನೋಡಿಕೊಳ್ಳಬಹುದು. ನಮ್ಮಲ್ಲಿ ಒಬ್ಬರು ಡಯಾಲಿಸಿಸ್‌ಗೆ ಹೋಗುತ್ತಿದ್ದರು. ತಿಂಗಳ ಕೊನೆಯವರೆಗೂ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ ಖಾಲಿ ಕೈಯಲ್ಲಿ ವಾಪಸ್ ಬರುತ್ತಿದ್ದದ್ದು ನಾನು ಕಣ್ಣಾರೆ ಕಂಡಿದ್ದೇನೆ. ದುಡ್ಡು ಯಾವತ್ತು ಬರುತ್ತದೆ ಅಂತ ಹೇಳುವವರೇ ಇರಲಿಲ್ಲ.

ದುಡ್ಡಿನದೇ ಇನ್ನೊಂದು ಗುರುತು ಖರೀದಿ. ಟೆಂಡರಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಅದರಲ್ಲಿ 4(ಜಿ) ಅಂತ, ಟೆಂಡರ್ ಕರೆಯದೆ ಕೊಳ್ಳೋಕೆ ಸರ್ಕಾರ ಕೊಡುವ ವಿನಾಯಿತಿ ಇದೆ, ನಿಜವಾದ ಅವಸರಕ್ಕೆ ಅದು ಬೇಕಾಗಬಹುದು. ಆದರೆ ವರ್ಷವಿಡೀ ಎಲ್ಲದಕ್ಕೂ 4(ಜಿ) ತರೋಕೆ ಬೆಂಗಳೂರಿಗೆ ಓಡಾಡುತ್ತಿದ್ದರೆ, ಅಥವಾ ಒಂದೇ ಕೆಲಸವನ್ನು ತುಂಡು ಗುತ್ತಿಗೆ ಮಾಡಿ ಟೆಂಡರ್ ಮಿತಿಯ ಕೆಳಗೆ ತರುತ್ತಿದ್ದರೆ, ಆ ಕಡೆ ಕಾಲಿಡಬೇಡಿ. ವಿಶೇಷಾಧಿಕಾರಿ ಅಂತ ನಿಮ್ಮ ಸಹಿಯನ್ನೂ ಅದರಲ್ಲಿ ಹಾಕಿಸುತ್ತಾರೆ.

ಇನ್ನು ಪರೀಕ್ಷಾ ವಿಭಾಗ. ನನ್ನ ಪ್ರಕಾರ ಆಡಳಿತ ನಿಜವಾಗಿ ಪರೀಕ್ಷೆಗೆ ಬೀಳೋದು ಇಲ್ಲಿಯೇ. 2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದವರೆಗಿನ ಪದವಿ ಬಂತು, ಜೊತೆಗೇ ಪ್ರವೇಶದಿಂದ ಫಲಿತಾಂಶದವರೆಗೆ ಎಲ್ಲಕ್ಕೂ ಯುಯುಸಿಎಂಎಸ್ ಅನ್ನುವ ತಂತ್ರಾಂಶ ಬಂತು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿ. ಹಳೆಯ ಸ್ಕೀಮಿನ ರಿಪೀಟರ್‌ಗಳು, ಎನ್‌ಇಪಿಯವರು, ಹೊಸ ಸ್ಕೀಮಿನವರು, ಎಲ್ಲರಿಗೂ ಅದೇ ನಾಲ್ಕು ಜನ ಗುಮಾಸ್ತರು ಅಂಕಪಟ್ಟಿ ಕೊಡಬೇಕು. ತಡ ಆಗದೆ ಇರೋದು ಕಷ್ಟ.

ನಮ್ಮಲ್ಲಿಗೆ ಬಂದ ಒಬ್ಬ ಮೌಲ್ಯಮಾಪನ ಕುಲಸಚಿವರು ಮೊದಲ ವಾರ ಕೇಳಿದ್ದು ಅಂಕಪಟ್ಟಿ ತಿದ್ದುಪಡಿ ಅರ್ಜಿಗಳ ರಿಜಿಸ್ಟರ್. ಉದ್ದನೆಯ ಪುಸ್ತಕ, ಬೆನ್ನು ಹರಿದು ಗಮ್ ಟೇಪ್ ಹಚ್ಚಿದ್ದು. ನಾನೇ ತೆಗೆದುಕೊಂಡು ಹೋದೆ. ಅವರು ಕೊನೆಯ ಪುಟ ನೋಡಲಿಲ್ಲ. ಹಳೆಯ ಪುಟಗಳನ್ನು ತಿರುವುತ್ತಾ ಹೋಗಿ, "ವಿಲೇವಾರಿ" ಕಾಲಂ ಖಾಲಿ ಇರುವ ಅತಿ ಹಳೆಯ ಸಾಲಿನ ಮೇಲೆ ಬೆರಳಿಟ್ಟರು. ಎರಡು ವರ್ಷದ ಹಿಂದಿನದು. ಒಬ್ಬ ಹುಡುಗಿ, ಇನಿಷಿಯಲ್ ತಪ್ಪಾಗಿತ್ತು. ಅರ್ಜಿಯಲ್ಲಿದ್ದ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಅಪ್ಪ ಎತ್ತಿದರು. ಅಂಕಪಟ್ಟಿ ಸರಿಯಿಲ್ಲ ಅಂತ ಬಿ.ಎಡ್. ಸೀಟು ಹೋಯಿತು, ಮಗಳು ಈಗ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ ಅಂದರು. ರೂಮಿನಲ್ಲಿ ನಾವು ಐದು ಜನ ಇದ್ದೆವು. ಯಾರೂ ಮಾತಾಡಲಿಲ್ಲ. ಸಾಹೇಬರು ನಮ್ಮನ್ನು ಬೈಯಲಿಲ್ಲ. ರಿಜಿಸ್ಟರಿನ ಮೊದಲ ಪುಟ ತಿರುಗಿಸಿ "ಹಳೆಯ ಅರ್ಜಿ ಮೊದಲು. ಮೀರಿದರೆ ಕಾರಣ ಬರೆದು ನನ್ನ ಸಹಿ ಪಡೆಯಿರಿ" ಅಂತ ಬರೆದು ತಾರೀಕು ಹಾಕಿದರು. ಅವತ್ತಿನಿಂದ ಶಿಫಾರಸು ತಂದವರಿಗೆ ಆ ಪುಟ ತೋರಿಸಿದರೆ ಸಾಕಾಗುತ್ತಿತ್ತು, ನಾವು ಜಗಳ ಮಾಡಬೇಕಾಗಿರಲಿಲ್ಲ. ಅವರನ್ನು ಒಂದೂವರೆ ವರ್ಷಕ್ಕೇ ಎತ್ತಂಗಡಿ ಮಾಡಿದರು. ಆ ಪುಟ ಮಾತ್ರ ಉಳಿಯಿತು. ಅವರು ಹೋದ ಮೇಲೂ ನಾವು ಅದೇ ಪ್ರಕಾರ ನಡೆಸಿದೆವು, ಪುಸ್ತಕ ಮುಗಿದಾಗ ಹೊಸ ಪುಸ್ತಕದ ಮೊದಲ ಪುಟಕ್ಕೂ ಅದನ್ನೇ ನಕಲು ಮಾಡಿಕೊಂಡೆವು.

ಈಗ ಮೋಸ ಹೋಗುವ ಗುರುತುಗಳು. ಬಂದ ವಾರವೇ ಇಬ್ಬರನ್ನು ಅಮಾನತು ಮಾಡಿದರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ, ಪೇಪರಿನಲ್ಲೂ ಬರುತ್ತದೆ. ನೀವು ಆಮೇಲೆ ಏನಾಯಿತು ಅಂತ ನೋಡಿ. ದೋಷಾರೋಪ ಪಟ್ಟಿ ಕೊಟ್ಟರಾ, ವಿಚಾರಣೆ ನಡೆಯಿತಾ? ನಾನು ನೋಡಿದ ಒಂದು ಪ್ರಕರಣದಲ್ಲಿ ಏನೂ ನಡೆಯಲಿಲ್ಲ. ಅವನು ನಿಜವಾಗಿಯೂ ತಪ್ಪು ಮಾಡಿದವನೇ. ಕ್ರಮ ಸರಿ ಇಲ್ಲ ಅಂತ ಕೋರ್ಟಿನಲ್ಲಿ ಗೆದ್ದು ಬಂದ, ಬಾಕಿ ಸಂಬಳವನ್ನೂ ವಿವಿಯೇ ಕೊಟ್ಟಿತು. ಅಷ್ಟು ಹೊತ್ತಿಗೆ ಅಮಾನತು ಮಾಡಿದವರ ಅವಧಿ ಮುಗಿದಿತ್ತು.

ವಿವಿಗಳ ಗುಣಮಟ್ಟ ನೋಡಿ ದರ್ಜೆ ಕೊಡುವ ನ್ಯಾಕ್ ತಂಡ ಬರುವ ಮುಂಚೆ ಸುಣ್ಣ ಬಣ್ಣ, ಹೊಸ ಕಮಾನು, ಹೂಕುಂಡ. ಇದು ತಪ್ಪು ಅನ್ನಲಾರೆ, ಅಂಕ ಬೇಕಲ್ವಾ. ಆದರೆ ಅದೇ ವಾರ ಲೇಡೀಸ್ ಹಾಸ್ಟೆಲಿಗೆ ಹೋಗಿ ನೀರು ಬರುತ್ತಾ ಕೇಳಿ.

ಪ್ರಾಮಾಣಿಕರು ಅಂತ ಹೆಸರು ಇರುವವರ ಬಗ್ಗೆಯೂ ಒಂದು ಮಾತು. ಒಂದು ರೂಪಾಯಿ ಮುಟ್ಟದವರು, ಆದರೆ ಲೋಕಾಯುಕ್ತದ ಹೆದರಿಕೆಗೆ ಯಾವುದಕ್ಕೂ ಸಹಿ ಹಾಕದವರು ಇದ್ದಾರೆ. ಕಡತ ಟೇಬಲ್ ಮೇಲೆ ಗೋಪುರ ಆಗುತ್ತದೆ. ಮನೆಗೆ ಒಳ್ಳೆಯ ಹೆಸರು ತೆಗೆದುಕೊಂಡು ಹೋಗುತ್ತಾರೆ, ಇಲ್ಲಿ ಪಿಎಚ್.ಡಿ. ಮುಗಿಸಿದ ಹುಡುಗರಿಗೆ ಸರ್ಟಿಫಿಕೇಟ್ ಇರುವುದಿಲ್ಲ. ಇಂಥವರನ್ನು ಒಳ್ಳೆಯ ಆಡಳಿತಗಾರರು ಅಂತ ನಾನು ಒಪ್ಪಲಾರೆ. ನಮ್ಮ ಗುಂಪಿನಲ್ಲಿ ಈ ವಿಷಯಕ್ಕೆ ಬಿಸಿ ಚರ್ಚೆ ಆಯಿತು. "ಕದಿಯುವವರಿಗಿಂತ ಇವರು ವಾಸಿ ಅಲ್ವಾ" ಅಂತ ಇಬ್ಬರು ಬರೆದರು. ಇರಬಹುದು. ಆದರೆ ಆ ಗಾರ್ಮೆಂಟ್ಸ್ ಹುಡುಗಿಗೆ ಇಬ್ಬರಿಂದಲೂ ಆಗುವ ನಷ್ಟ ಒಂದೇ.

ಗುಂಪಿನಲ್ಲಿದ್ದ ಇನ್ನೊಬ್ಬ ಮೇಷ್ಟ್ರು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಸಮಿತಿಗಳ ಆದೇಶ ಓದಿ ಅಂದರು. ಖರೀದಿ ಸಮಿತಿ, ಹಾಸ್ಟೆಲ್ ಸಮಿತಿ, ಪ್ರವೇಶ ಸಮಿತಿ, ಎಲ್ಲದರಲ್ಲೂ ಅದೇ ಐದು ಹೆಸರು ಇದ್ದರೆ, ಆ ಐದೂ ಒಂದೇ ಜಾತಿ, ಒಂದೇ ಬಣದ್ದಾದರೆ, ಮುಂದೆ ಓದೋದು ಬೇಡ. ತಮ್ಮನ್ನು ವಿರೋಧಿಸಿದವರನ್ನೂ ಕೆಲಸ ಬರುತ್ತದೆ ಅಂತ ಸಮಿತಿಗೆ ಹಾಕಿಕೊಂಡಿದ್ದರೆ ಆ ಮನುಷ್ಯನ ಮೇಲೆ ನಂಬಿಕೆ ಇಡಬಹುದು. ಸಿಂಡಿಕೇಟ್ ಅಂದರೆ ವಿವಿಯ ಆಡಳಿತ ಮಂಡಳಿ, ಅದರ ನಡಾವಳಿ ವೆಬ್‌ಸೈಟಿಗೆ ಹಾಕುತ್ತಾರಾ ಅಂತಲೂ ನೋಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೇ, ಯಾರೂ ಕೇಳದೆ ತಾವಾಗಿ ಪ್ರಕಟಿಸಬೇಕು ಅಂತ ನಾಲ್ಕನೇ ಸೆಕ್ಷನ್ ಇದೆ.

ಕುವೆಂಪು ಅವರ ಹಾಗೆ, ಡಿ.ಸಿ. ಪಾವಟೆ ಅವರ ಹಾಗೆ ಈಗ ಯಾಕೆ ಬರುವುದಿಲ್ಲ ಅಂತ ಯಾರೋ ಕೇಳಿದ್ದರು. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿವಿಯ ಕುಲಪತಿಯಾಗಿದ್ದಾಗ ಅದರ ಮಾನಸಗಂಗೋತ್ರಿ ಕ್ಯಾಂಪಸ್ ಆಯಿತು. ಪಾವಟೆಯವರು ಧಾರವಾಡದ ಕರ್ನಾಟಕ ವಿವಿಯಲ್ಲಿ ಕುಲಪತಿಯಾಗಿ 1954ರಿಂದ 1967ರವರೆಗೆ, ಹದಿಮೂರು ವರ್ಷ ಇದ್ದರು. ಅವರ ದೊಡ್ಡತನಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಅದು ಕಟ್ಟುವ ಕಾಲ. ಈಗ 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಪ್ರಕಾರ ಕುಲಪತಿಯ ಅವಧಿ ನಾಲ್ಕು ವರ್ಷ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಹಂಗಾಮಿ ಕುಲಪತಿ, ಎಲ್ಲೆಲ್ಲೂ ಖಾಲಿ ಹುದ್ದೆ, ಪ್ರಭಾರದ ಮೇಲೆ ಪ್ರಭಾರ. ಈಗ ಬೇಕಾಗಿರುವವರು ಬೇರೆ ಥರದವರು. ಸೋರುವ ಮನೆಯಲ್ಲಿ ಯಾವ ಹೆಂಚು ಒಡೆದಿದೆ ಅಂತ ಹತ್ತಿ ನೋಡುವವರು.

ನಿಮ್ಮ ವಿಷಯಕ್ಕೆ ಬರುತ್ತೇನೆ ಮೇಡಂ. ಕರೆದಿದ್ದಾರೆ ಅಂತ ತಕ್ಷಣ ಹೋಗಬೇಡಿ, ಬೇಡ ಅಂತಲೂ ಅನ್ನಬೇಡಿ. ಲಿಖಿತ ಆದೇಶ ಕೇಳಿ. ಅದರಲ್ಲಿ ನಿಮ್ಮ ಕೆಲಸ ಏನು, ಯಾವ ಕಡತ ನಿಮ್ಮ ಮೂಲಕ ಹೋಗಬೇಕು, ಯಾವುದಕ್ಕೆ ನೀವು ಸಹಿ ಹಾಕಬಹುದು, ಎಷ್ಟು ದಿನಕ್ಕೆ, ಇಷ್ಟೂ ಇರಬೇಕು. ಕೇಳಿದಾಗ ಅವರ ಮುಖ ನೋಡಿ. "ಅದೆಲ್ಲಾ ಯಾಕೆ, ನಾನಿದ್ದೇನಲ್ಲ" ಅಂದರೆ ನಮಸ್ಕಾರ ಹೇಳಿ ಕ್ಲಾಸಿಗೆ ವಾಪಸ್ ಹೋಗಿ. "ಕರಡು ನೀವೇ ಮಾಡಿಕೊಂಡು ಬನ್ನಿ, ತಿದ್ದಿ ಕೊಡುತ್ತೇನೆ" ಅಂದರೆ ಧೈರ್ಯವಾಗಿ ಒಪ್ಪಿಕೊಳ್ಳಿ. ಕಷ್ಟದಲ್ಲಿರುವ ವಿವಿಗೆ ನಿಮ್ಮಂಥವರು ಒಳಗೆ ಬರಲೇಬೇಕು. ಎಲ್ಲರೂ ಬಾಗಿಲ ಹೊರಗೆ ನಿಂತರೆ ಆ ಕುರ್ಚಿಗೆ ಬೇರೆಯವರು ಬಂದು ಕೂರುತ್ತಾರೆ.

ಯಾವ ವಿಭಾಗಕ್ಕೆ ಹಾಕುತ್ತಾರೆ ಅಂತ ಗೊತ್ತಾದಾಗ ಇಲ್ಲೇ ಬರೆಯಿರಿ. ಅಲ್ಲಿ ಮೊದಲ ದಿನ ಯಾವ ರಿಜಿಸ್ಟರ್ ತರಿಸಿಕೊಳ್ಳಬೇಕು, ಯಾವ ಕಾಲಂ ನೋಡಬೇಕು ಅಂತ ಹೇಳುತ್ತೇನೆ.