ಸಹಾಯ ಬೇಕು: ಚಿನ್ನವೋ ಮೊಳೆಯೋ ಅಗೆಯೋ ಮೊದಲೇ ತಿಳಿಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ಡನೋಲಿ ಕಡೆ ಚಿನ್ನ ಹುಡುಕ್ತಾ ಇದೀನಿ. ಮೈನರ್ಸ್ ರೈಟ್ (ಚಿನ್ನ ಹುಡುಕೋಕೆ ಬೇಕಾದ) ಪರವಾನಗಿ ಇದೆ. ವಿಎಲ್‌ಎಫ್ (ಕಡಿಮೆ ಫ್ರೀಕ್ವೆನ್ಸಿಯ) ಮೆಟಲ್ ಡಿಟೆಕ್ಟರ್, ನೆಲದ ಮೇಲೆ ಬೀಸೋಕೆ 11 ಇಂಚಿನ ಡಬಲ್ ಡಿ ಕಾಯಿಲ್ (ಒಳಗೆ ಎರಡು D ಆಕಾರದ ಸುರುಳಿ ಇರೋ ತಟ್ಟೆ). ಗುರಿ, ಅಂದ್ರೆ ನೆಲದೊಳಗಿನ ವಸ್ತು, ಯಾವ ಲೋಹ ಅಂತ ಪರದೆ ಮೇಲೆ ನಂಬರಲ್ಲಿ ಅಂದಾಜು ತೋರಿಸುತ್ತೆ.

ಮಣ್ಣಲ್ಲಿ ಕಬ್ಬಿಣದ ಅಂಶ ವಿಪರೀತ. ಒಂದು ಗ್ರಾಂ ಚಿನ್ನದ ಗಟ್ಟಿ ನೆಲದ ಮೇಲಿಟ್ಟರೆ ನಂಬರ್ ಅಲುಗಾಡಲ್ಲ; ಅದನ್ನೇ ನಾಲ್ಕು ಬೆರಳು ಆಳಕ್ಕೆ ಹೂತರೆ ಕಬ್ಬಿಣದ ನಂಬರಿಗೆ ಜಾರುತ್ತೆ. ಡಿಸ್ಕ್ರಿಮಿನೇಷನ್ (ಕಬ್ಬಿಣದ ಸದ್ದು ಅಡಗಿಸೋ ಸೆಟ್ಟಿಂಗ್) ಹಾಕಿದರೆ ಚಿನ್ನವೇ ಮಾಯ, ತೆಗೆದರೆ ಮೊಳೆ, ಹಾಟ್ ರಾಕ್ (ಲೋಹದ ಥರ ಸದ್ದು ಕೊಡೋ ಖನಿಜದ ಕಲ್ಲು) ಎಲ್ಲಾ ಕೂಗುತ್ತೆ. ಅಲ್ಯುಮಿನಿಯಂ ಫಾಯಿಲ್‌ಗೂ ಸಣ್ಣ ಚಿನ್ನಕ್ಕೂ ನಂಬರ್ ಒಂದೇ ಅನ್ನೋದು ಗೊತ್ತು, ಅದನ್ನ ಅಗೆದೇ ಅಗೀತೀನಿ.

ಜಾಗ ಬದಲಾದಾಗೆಲ್ಲ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಖನಿಜಕ್ಕೆ ಯಂತ್ರ ಹೊಂದಿಸೋದು) ಮಾಡಿದೆ, ಸೆನ್ಸಿಟಿವಿಟಿ ಇಳಿಸಿದೆ. 90 ಡಿಗ್ರಿ ತಿರುಗಿ ಬೀಸಿದರೆ ಉದ್ದನೆ ಮೊಳೆಯ ಸದ್ದು ಎರಡಾಗಿ ಒಡೆಯುತ್ತೆ, ಸಿಕ್ಕಿಬೀಳುತ್ತೆ. ಕಾಯಿಲ್ ಸ್ವಲ್ಪ ಎತ್ತಿದರೆ ಹಾಟ್ ರಾಕ್ ಸದ್ದು ಬೇಗ ಸಾಯುತ್ತೆ. ಮೇಲಿನ ಎರಡಿಂಚು ಬೂಟಲ್ಲಿ ಕೆರೆದು ಮತ್ತೆ ಬೀಸಿದಾಗ ನಂಬರ್ ಏರಿದರೆ ಸರಿ, ಅಗೀತೀನಿ.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ: ಕೆರೆದ ಮೇಲೂ ನಂಬರ್ ಒಮ್ಮೆ ಕಬ್ಬಿಣ, ಒಮ್ಮೆ ಫಾಯಿಲ್ ಅಂತ ಕುಣಿಯೋ ಗುರಿಗಳು. ತುಕ್ಕು ಹಿಡಿದ ದುಂಡನೆ ತಗಡೂ ಹೀಗೇ, ಆಳದ ಚಿನ್ನವೂ ಹೀಗೇ.

ಇಂಥ ಕಡೆ 6 ಇಂಚಿನ ಕಾಯಿಲ್ ಹಾಕಿದರೆ ನಂಬರ್ ನಿಲ್ಲುತ್ತಾ, ಇಲ್ಲಾ ನಂಬರ್ ಬಿಟ್ಟು ಸದ್ದಿನಲ್ಲೇ ಗುರುತಿಸೋ ಬೇರೆ ಪರೀಕ್ಷೆ ಇದೆಯಾ? ಇದೇ ಥರದ ಮಣ್ಣಲ್ಲಿ ಹುಡುಕಿದವರು ಹೇಳಿ.